ಕ್ಯಾಂಟೀನಿನವರೆಗೆ ಮುಟ್ಟುವ ದನಿ

ಮೇಡಂ ನಿವೃತ್ತರಾಗಿ ವರ್ಷಗಳು ಕಳೆದಿವೆ. ಆದರೆ ಆ ಸುದ್ದಿ ಅವರ ಗಂಟಲಿಗೆ ಇನ್ನೂ ಮುಟ್ಟಿದ ಹಾಗಿಲ್ಲ. ಅಡುಗೆಮನೆಯಲ್ಲಿ ನಿಂತು "ಉಪ್ಪಿನ ಡಬ್ಬ ಎಲ್ಲಿಟ್ರಿ?" ಎಂದು ಕೇಳಿದರೆ ಎದುರುಮನೆಯವರೂ ಒಮ್ಮೆ ತಮ್ಮ ಉಪ್ಪಿನ ಡಬ್ಬದ ಕಡೆ ನೋಡಿಕೊಳ್ಳುತ್ತಾರೆ. ಹೊಲಿಗೆ ಯಂತ್ರದ ಮುಂದೆ ಕೂತ ಗಂಡ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, "ನಾನು ಇಲ್ಲೇ ಇದೀನಿ ಕಣೇ, ಕ್ಯಾಂಟೀನಲ್ಲಿಲ್ಲ" ಎನ್ನುತ್ತಾರೆ. ಮೇಡಂ ಕೆಲಸಕ್ಕೆ ಸೇರಿದ ವರ್ಷದಿಂದಲೂ ಟೈಲರ್ ಈ ಮಾತು ಹೇಳುತ್ತ ಬಂದಿದ್ದಾರೆ, ಮೇಡಂ ಒಂದು ದಿನವೂ ಅದನ್ನು ಕಿವಿಗೆ ಹಾಕಿಕೊಂಡಿಲ್ಲ.

ಫೋನು ಬಂದರಂತೂ ಕೇಳುವುದೇ ಬೇಡ. ಮಾಡುವವರು ಹಳೆಯ ಹುಡುಗಿಯರು. ಹುಡುಗಿಯರು ಎನ್ನುವುದು ಮೇಡಂ ಅವರ ಬಾಯಿರೂಢಿ ಅಷ್ಟೇ, ಅವರಲ್ಲಿ ಕೆಲವರಿಗೆ ಕೂದಲು ನರೆತು ಮೊಮ್ಮಕ್ಕಳಾಗಿದ್ದಾರೆ. ಒಬ್ಬಳು ಆಸ್ಪತ್ರೆಯಲ್ಲಿ ಹೆಡ್ ನರ್ಸು. ಇನ್ನೊಬ್ಬಳು ಬಸ್ ಡಿಪೋದಲ್ಲಿ ಮೇಲಧಿಕಾರಿ. ಇವಳು ಒಂದು ಸಂಜೆ ಫೋನು ಮಾಡಿ, "ಮೇಡಂ, ಇವತ್ತು ಮೀಟಿಂಗಲ್ಲಿ ಸೌಟು ಎದ್ದಿತು!" ಎಂದಳು. ಮೇಡಂ ಅವರಿಗೆ ಅಷ್ಟೇ ಸಾಕಾಯಿತು. ಯಾವ ಮೀಟಿಂಗು, ಯಾರ ಮೇಲೆ ಎದ್ದಿತು, ಏನೂ ಕೇಳಲಿಲ್ಲ. ಗಂಡನಿಗೆ ಎರಡೆರಡು ಸಲ ಹೇಳಿ, ಆ ರಾತ್ರಿ ಊಟವನ್ನೂ ಒಂದು ತುತ್ತು ಹೆಚ್ಚೇ ಮಾಡಿದರು.

ಈ ಸೌಟಿನ ಸಮಾಚಾರ ಮೊದಲಿನಿಂದ ಹೇಳದಿದ್ದರೆ ತಲೆಬುಡ ತಿಳಿಯುವುದಿಲ್ಲ.

ಮೇಡಂ ಇನ್ನೂ ಮೇಡಂ ಆಗಿರದಿದ್ದ ಕಾಲ. ಅದೇ ಕಾಲೇಜಿನಲ್ಲಿ ಓದುತ್ತಿದ್ದ, ಉದ್ದ ಕೈಕಾಲಿನ, ಮಾತು ಕಡಿಮೆಯ ಹುಡುಗಿ. ಮಾತು ಕಡಿಮೆ ಅಂದರೆ ಸ್ವಭಾವದಿಂದಲ್ಲ, ಅವಳ ಅಮ್ಮ ಮಾಡಿಸಿದ ಅಭ್ಯಾಸ. "ಬೀದಿಗೆಲ್ಲ ಕೇಳೋ ಹಾಗೆ ಮಾತಾಡ್ಬೇಡ" ಎಂಬುದು ಆ ಮನೆಯಲ್ಲಿ ಬೆಳಗಿನ ಕಾಫಿಯಷ್ಟೇ ತಪ್ಪದ ಮಾತಾಗಿತ್ತು. ಆಟ ಮಾತ್ರ ಆ ಹುಡುಗಿಯ ಕೈಗೆ ತಾನಾಗಿ ಒಲಿದಿತ್ತು. ಕೊನೆಯ ವರ್ಷ ಅವಳು ಅಂತರ-ಕಾಲೇಜು ಟೆನಿಸ್ ಫೈನಲ್ಲಿಗೆ ಬಂದಳು.

ಕಾಲೇಜು ಮಟ್ಟದ ಟೆನಿಸ್‌ನಲ್ಲಿ ಒಂದು ಪದ್ಧತಿ ಉಂಟು. ಗೆರೆಗೊಬ್ಬರಂತೆ ಅಂಪೈರುಗಳನ್ನು ನಿಲ್ಲಿಸುವಷ್ಟು ಜನ ಎಲ್ಲಿಂದ ಬರಬೇಕು? ಇಡೀ ಪಂದ್ಯಾವಳಿಗೆ ಒಬ್ಬರು ರೆಫರಿ, ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಜಗಳವಾದರೆ ಮಾತ್ರ ಏಳುತ್ತಾರೆ. ನೆಟ್ಟಿನ ಈಚೆ, ತನ್ನ ಅಂಗಳದಲ್ಲಿ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಡುವವಳೇ ಕೂಗಿ ಹೇಳಬೇಕು. ಗೆರೆಯಿಂದಾಚೆ ಬಿದ್ದರೆ "ಔಟ್" ಅನ್ನಬೇಕು. ಅನ್ನದಿದ್ದರೆ ಚೆಂಡು ಒಳಗೆ ಎಂದೇ ಲೆಕ್ಕ. ಅನುಮಾನ ಬಂದರೂ ಒಳಗೆ ಎಂದೇ ಲೆಕ್ಕ.

ಆ ಫೈನಲ್ಲಿನ ಕೊನೆಯ ಚೆಂಡು ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು. ಹುಡುಗಿ ಕಣ್ಣಾರೆ ಕಂಡಳು. ಮಣ್ಣಿನ ಕೋರ್ಟು, ಚೆಂಡು ಬಿದ್ದ ಗುರುತೂ ನೆಲದ ಮೇಲೆ ಎದ್ದು ಕಾಣುತ್ತಿತ್ತು. ಆದರೆ ಬೇಲಿಯ ಸುತ್ತ ಊರಿಗೆ ಊರೇ ನಿಂತಿತ್ತು. ಬಾಯಿ ತೆರೆದಳು, ದನಿ ಬರಲಿಲ್ಲ. ಎದುರಿನವಳು ಒಂದು ಕ್ಷಣ ಕಾದಳು, ಆಮೇಲೆ ಕೈ ಮೇಲೆತ್ತಿ ಕುಣಿದಳು. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು. ಗೆಲುವಿನ ಕಪ್ಪು ಬೇರೆ ಕಾಲೇಜಿನ ಪಾಲಾಯಿತು. ಮನೆಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡು, ನೀರು ಬಿಟ್ಟುಕೊಂಡು, "ಔಟ್, ಔಟ್, ಔಟ್" ಎಂದು ಕಿರುಚಿದಳಂತೆ. ಆಗ ಬಂದು ಏನುಪಯೋಗ? ಹೊರಗಿನಿಂದ ಅಮ್ಮ ಬಾಗಿಲು ತಟ್ಟಿ, "ಮೆಲ್ಲಗೆ" ಎಂದರು.

ಕೆಲವು ವರ್ಷಗಳಾದ ಮೇಲೆ ಅದೇ ಕಾಲೇಜು ಅವಳನ್ನೇ ಹುಡುಗಿಯರ ಟೆನಿಸ್ ಕೋಚ್ ಮಾಡಿ ಕರೆಸಿಕೊಂಡಿತು. ಕೋಚ್ ಎಂದರೆ ಹೆಸರಿಗೆ. ಬಂದು ನೋಡಿದರೆ ಕೋರ್ಟಿನ ತುಂಬ ಗರಿಕೆ, ನೆಟ್ಟಿನ ಮೇಲೆ ಹಾಸ್ಟೆಲಿನವರು ಒಣಗಲು ಹಾಕಿದ ಬೆಡ್‌ಶೀಟು. ಮೇಡಂ ಸೊಂಟಕ್ಕೆ ದುಪಟ್ಟ ಬಿಗಿದು ಗರಿಕೆ ಕಿತ್ತರು, ನೀರು ಹೊಡೆದು ಕಲ್ಲಿನ ರೋಲರ್ ಎಳೆದರು, ತೂತು ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿ ದಾರ ಹಿಡಿದು ಗೆರೆ ಹಾಕಿದರು. ನೆಟ್ಟಿನ ಎತ್ತರ ಅಳೆಯಲು ಟೇಪು ಬೇಕೆಂದು ಅರ್ಜಿ ಹಾಕಿ ಕೂರಲಿಲ್ಲ. ಒಂದು ರಾಕೆಟ್ ನೆಟ್ಟಗೆ ನಿಲ್ಲಿಸಿ, ಅದರ ತಲೆಯ ಮೇಲೆ ಇನ್ನೊಂದನ್ನು ಅಡ್ಡಹಿಡಿದು ನೋಡಿ, ಹಗ್ಗ ಎಳೆದು ಕಟ್ಟಿದರು. ಹುಡುಗಿಯರಿಗೆ ಓಡಲು ಬರುವಂಥ ಬಟ್ಟೆಯಿಲ್ಲ ಎಂದಾಗ ಹೊಸದಾಗಿ ಕೈಹಿಡಿದಿದ್ದ ಟೈಲರ್ ಗಂಡ ರಾತ್ರಿಯೆಲ್ಲ ಕೂತು ಬಿಳಿ ಸ್ಕರ್ಟು ಹೊಲಿದುಕೊಟ್ಟರು. ಮೊದಲ ಸಲ ಎಲ್ಲವೂ ಒಂದೇ ಅಳತೆಗೆ ಬಂದಿದ್ದವು, ಒಬ್ಬಳಿಗೆ ಪರದೆಯಾದರೆ ಇನ್ನೊಬ್ಬಳಿಗೆ ಕರವಸ್ತ್ರ. ಹುಡುಗಿಯರು ನಕ್ಕು ಸುಸ್ತಾದರು, ಟೈಲರ್ ಮುಖ ಊದಿಸಿಕೊಂಡು ಎಲ್ಲವನ್ನೂ ಬಿಚ್ಚಿ ಹೊಲಿದರು.

ಕೋರ್ಟು ಸಿದ್ಧವಾದ ದಿನ ಮೇಡಂ ಖುಷಿಯಲ್ಲಿ ಕೈಗೆ ಹೊಸ ಚೆಂಡು ತೆಗೆದುಕೊಂಡು ಮೊದಲ ಹೊಡೆತ ಹೊಡೆದರು. ಎಷ್ಟು ವರ್ಷದ ತೀಟೆಯೋ ಏನೋ, ಚೆಂಡು ಬೇಲಿ ದಾಟಿತು, ಮೈದಾನ ದಾಟಿತು, ಆಚೆ ಕಡೆಯ ತಗಡಿನ ಚಾವಣಿಯ ಕ್ಯಾಂಟೀನಿನ ಹತ್ತಿರ ಎಲ್ಲೋ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಕ್ಯಾಂಟೀನಿನವರು, ಆಗಿನ್ನೂ ಮೀಸೆ ಕಪ್ಪಗಿದ್ದ ಮನುಷ್ಯ, ಉದ್ದ ಹಿಡಿಯ ಸೌಟು ಹಿಡಿದುಕೊಂಡು ಮೈದಾನದ ಉದ್ದಕ್ಕೂ ನಡೆದು ಬಂದರು. ಸೌಟಿನಲ್ಲಿ ಚೆಂಡಿತ್ತು. ಚೆಂಡಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಮೇಡಂ, ಇದು ನಿಮ್ಮದಾ?"

"ಹಾಲೊಳಗೆ ಬಿತ್ತಾ?"

"ಕುದಿಯೋ ಹಾಲಲ್ಲಿ. ಪ್ರಿನ್ಸಿಪಾಲರ ಟೀಗೆ ಇಟ್ಟಿದ್ದೆ."

"ಅಯ್ಯೋ! ಮತ್ತೆ ಅವರಿಗೇನು ಕೊಟ್ರಿ?"

ಆತ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಕೊಟ್ಟೆ. ಇವತ್ತು ಟೀ ಚೆನ್ನಾಗಿದೆ ಅಂದ್ರು" ಎಂದರು.

ಅಲ್ಲಿಂದ ಶುರುವಾದ ಸ್ನೇಹ ಅದು. ಹುಡುಗಿಯರು ಅವರನ್ನು ಕ್ಯಾಂಟೀನಣ್ಣ ಎಂದು ಕರೆದರು, ಮೇಡಂ ಅವರಿಗೂ ಅವರು ಕ್ಯಾಂಟೀನಣ್ಣನೇ ಆದರು.

ಆಟ ಕಲಿಸುವುದು ಮೇಡಂ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಾಯಿ ತೆರೆಸುವುದು. ಚೆಂಡು ಗೆರೆಯಾಚೆ ಬಿದ್ದರೆ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಒಬ್ಬಳು "ಔಟ್ ಅನ್ಸತ್ತೆ ಅಲ್ವಾ?" ಎಂದು ಎದುರಿನವಳನ್ನೇ ಕೇಳುತ್ತಿದ್ದಳು. ಇನ್ನೊಬ್ಬಳು "ಸಾರಿ, ಔಟ್" ಎನ್ನುತ್ತಿದ್ದಳು. ಚೆಂಡು ಆಚೆ ಬಿದ್ದಿದ್ದು ತನ್ನದೇ ತಪ್ಪೇನೋ ಎಂಬಂತೆ! ಮೇಡಂ ಅವರ ಪಿತ್ತ ನೆತ್ತಿಗೇರಿತು. ಆ ಹುಡುಗಿಯರಲ್ಲಿ ತಮ್ಮನ್ನೇ ಕಂಡದ್ದರಿಂದ ಕೋಪ ಇನ್ನೂ ಜಾಸ್ತಿಯಾಯಿತು.

ಮಾರನೆಯ ದಿನ ಎಲ್ಲರ ಕೈಯಿಂದಲೂ ರಾಕೆಟ್ ಕಿತ್ತುಕೊಂಡರು. "ಹೊಸಬರಿಗೆ ಮೊದಲ ವಾರ ರಾಕೆಟ್ ಇಲ್ಲ. ಹಿಂದಿನ ಗೆರೆ ಹತ್ರ ನಿಲ್ಲಬೇಕು. ನಾನು ಚೆಂಡು ಹೊಡೀತೀನಿ. ಒಳಗೋ ಹೊರಗೋ ಕೂಗಿ ಹೇಳಬೇಕು. ನನಗಲ್ಲ. ಅವರಿಗೆ" ಎಂದು ಮೈದಾನದಾಚೆಯ ಕ್ಯಾಂಟೀನಿನ ಕಡೆ ಬೆರಳು ತೋರಿಸಿದರು. ಕ್ಯಾಂಟೀನಣ್ಣನ ಹತ್ತಿರ ಮಾತು ಮೊದಲೇ ಆಗಿತ್ತು. ಕೇಳಿಸಿದರೆ ಸೌಟು ಎತ್ತಿ ತೋರಿಸುವುದು, ಕೇಳಿಸದಿದ್ದರೆ ತಮ್ಮ ಪಾಡಿಗೆ ತಾವು ಟೀ ಸೋಸುವುದು. ಸೌಟು ಎದ್ದ ದಿನ ಹುಡುಗಿಗೆ ರಾಕೆಟ್. ಏಳದಿದ್ದರೆ ಮತ್ತೊಂದು ದಿನ ಗೆರೆ ಹತ್ತಿರ ನಿಲ್ಲುವುದು.

ಕಾಲೇಜಿನ ಜನ ಮೂಗು ಮುರಿದರು. ಇದೇನು ಟೆನಿಸ್ಸೋ ಹರಾಜೋ ಎಂದು ಸ್ಟಾಫ್ ರೂಮಿನಲ್ಲಿ ಕುಹಕ ನಡೆಯಿತು. ಪ್ರಿನ್ಸಿಪಾಲರು ಕರೆಸಿ, "ಹುಡುಗೀರ ಕಾಲೇಜಲ್ಲಿ ಇದೇನಮ್ಮಾ ಈ ಕಿರುಚಾಟ, ಪಾಠ ಮಾಡೋಕಾಗಲ್ಲ ಅಂತಿದ್ದಾರೆ" ಎಂದರು. "ಪಾಠಾನೇ ಸಾರ್ ಅದು" ಎಂದು ಹೇಳಿ ಮೇಡಂ ಎದ್ದು ಬಂದರು. ಪ್ರಿನ್ಸಿಪಾಲರುಗಳು ಬದಲಾದರು, ಕಿರುಚಾಟ ಬದಲಾಗಲಿಲ್ಲ.

ಎಂಥೆಂಥ ಹುಡುಗಿಯರು ಬಂದುಹೋದರು! ತರಕಾರಿ ಮಾರುವವರ ಮಗಳೊಬ್ಬಳು ಮೊದಲ ಚೆಂಡಿಗೇ ಕೊಟ್ಟ ಕೂಗಿಗೆ ಕ್ಯಾಂಟೀನಣ್ಣ ಬೆಚ್ಚಿಬಿದ್ದು ಟೀ ಚೆಲ್ಲಿಕೊಂಡರು. ಈಗ ಹೆಡ್ ನರ್ಸಾಗಿರುವ ಹುಡುಗಿ ಎರಡು ವಾರ ನಿಂತಳು. ಕೊನೆಗೆ ಒಂದು ದಿನ ಸಿಟ್ಟಿಗೆ ಅಳುತ್ತ ಕೂಗಿದಾಗ ಸೌಟು ಎದ್ದಿತು, ಅಳು ನಿಲ್ಲಿಸುವುದನ್ನು ಮರೆತು ಕುಣಿದಳು. ಸಂತೆಗೆ ಹೊಡೆದುಕೊಂಡು ಬಂದ ಕರುವಿನ ಹಾಗೆ ತಲೆ ತಗ್ಗಿಸಿ ಬಂದ ಇನ್ನೊಬ್ಬಳು ಮೂರು ವರ್ಷಕ್ಕೆ ನೆಟ್ಟಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. ಬೆಳಗಿನ ಹೊತ್ತು ಒದ್ದೆ ಮಣ್ಣಿನ ವಾಸನೆ. ಹೊಸ ಚೆಂಡಿನ ಡಬ್ಬಿ ತೆರೆದಾಗ ಬುಸ್ ಎನ್ನುವ ಸದ್ದು, ಅದರೊಳಗೆ ಮೂಗಿಡಲು ಹುಡುಗಿಯರ ನೂಕುನುಗ್ಗಲು. ಕೂದಲುದುರಿ ಬೋಳಾದ ಹಳೇ ಚೆಂಡುಗಳ ಬುಟ್ಟಿ. ಈಗಲೂ ಮೇಡಂ ಬೆಳಗ್ಗೆ ಕಣ್ಣು ಬಿಟ್ಟಾಗ ಮೊದಲು ನೆನಪಾಗುವುದು ಇವೇ. ನೆನಪಾಗಿ ಎದೆ ಭಾರವಾಗುತ್ತದೆ, ಆ ಭಾರ ಅವರಿಗೆ ಹಿತವೇ.

ಆದರೆ ಕಪ್ಪು ಬರಲಿಲ್ಲ. ಅದೇ ಅಂತರ-ಕಾಲೇಜು ಕಪ್ಪು, ಮೇಡಂ ತಮ್ಮ ಮೌನದಲ್ಲಿ ಕಳೆದುಕೊಂಡಿದ್ದು. ಪ್ರಿನ್ಸಿಪಾಲರ ಕೋಣೆಯಲ್ಲಿ ಗಾಜಿನ ಕಪಾಟಿದೆ. ಅದನ್ನು ಮಾಡಿಸುವಾಗ ಮೇಡಂ ಬಡಗಿಯ ಬೆನ್ನು ಬಿದ್ದು ಮೇಲಿನ ಅಂಕಣ ಎತ್ತರಕ್ಕೆ ಮಾಡಿಸಿದ್ದರು. ಆ ಕಪ್ಪಿಗೆ ಉದ್ದನೆ ಕತ್ತು, ಸಣ್ಣ ಅಂಕಣದಲ್ಲಿ ಹಿಡಿಸುವುದಿಲ್ಲ. ಥ್ರೋಬಾಲಿನದು, ಚರ್ಚಾಸ್ಪರ್ಧೆಯದು, ರಂಗೋಲಿಯದು ಎಂದು ಕೆಳಗಿನ ಅಂಕಣಗಳೆಲ್ಲ ಭರ್ತಿಯಾದವು, ಮೇಲಿನದು ಖಾಲಿಯೇ ಉಳಿಯಿತು. ಒಂದು ವರ್ಷ ಫೈನಲ್ಲಿನಲ್ಲಿ ಹುಡುಗಿಯ ಕಾಲು ಉಳುಕಿತು. ಒಂದು ವರ್ಷ ಜೋಡಿಯಾಟದವರಿಬ್ಬರೂ ಹಿಂದಿನ ದಿನ ಜಗಳವಾಡಿ ಮಾತು ಬಿಟ್ಟಿದ್ದರು. ಒಂದು ವರ್ಷ, ಸುಳ್ಳು ಯಾಕೆ, ಎದುರಿನವರು ಚೆನ್ನಾಗಿ ಆಡಿದರು. ಯಾರಾದರೂ ಆ ಖಾಲಿ ಅಂಕಣದಲ್ಲಿ ಹೂದಾನಿ ಇಟ್ಟರೆ ಮೇಡಂ ಹೋಗಿ ತೆಗೆದಿಡುತ್ತಿದ್ದರು. ಈ ಮಧ್ಯೆ ಮಣ್ಣಿನ ಕೋರ್ಟು ಹೋಗಿ ಸಿಮೆಂಟಿನದು ಬಂತು. ರೋಲರ್ ಎಳೆಯುವ ಕೆಲಸ ತಪ್ಪಿತು, ಆದರೆ ಚೆಂಡಿನ ಗುರುತೂ ನಿಲ್ಲದಾಯಿತು. ಇನ್ನು ಆಡುವವರ ಬಾಯಿಮಾತೇ ಸಾಕ್ಷಿ.

ಮೇಡಂ ನಿವೃತ್ತಿಗೆ ಸಮೀಪ ಬಂದಾಗ ಸೇರಿದವಳು ಪಿಸುಪಿಸು. ಆ ಹೆಸರಿಟ್ಟವರು ಅವಳ ಜೊತೆಯ ಹುಡುಗಿಯರು. ಅಪ್ಪ ಅಚ್ಚುಕೂಟದಲ್ಲಿ ರಾತ್ರಿಪಾಳಿ, ಹಗಲೆಲ್ಲ ಮನೆಯಲ್ಲಿ ನಿದ್ದೆ. ಎರಡು ಕೋಣೆಯ ಮನೆ. "ಅಪ್ಪ ಮಲಗಿದಾರೆ" ಎಂಬುದೇ ಅವಳು ಕಲಿತ ಮೊದಲ ಮಾತಿರಬೇಕು. ಪಾತ್ರೆ ಸದ್ದಾಗದ ಹಾಗೆ ತೊಳೆಯುವುದು, ಬಾಗಿಲು ಸದ್ದಾಗದ ಹಾಗೆ ಮುಚ್ಚುವುದು, ಪಿಸುದನಿಯಲ್ಲೇ ಜಗಳ, ಪಿಸುದನಿಯಲ್ಲೇ ನಗು. ಅಪ್ಪ ಗದರುವವರಲ್ಲ, ಪಾಪದ ಮನುಷ್ಯ. ಅದಕ್ಕೇ ಮಕ್ಕಳು ಅಷ್ಟು ಮೆತ್ತಗಿದ್ದದ್ದು.

ಗೆರೆಯ ಹತ್ತಿರ ನಿಲ್ಲಿಸಿದರೆ ಅವಳ "ಔಟ್" ನೆಟ್ಟಿನವರೆಗೂ ಬರುತ್ತಿರಲಿಲ್ಲ. ಒಂದು ವಾರ ಹೋಯಿತು, ಎರಡನೆಯದೂ ಹೋಯಿತು. ಅವಳ ಜೊತೆ ಸೇರಿದವರೆಲ್ಲ ರಾಕೆಟ್ ಹಿಡಿದು ಆಡತೊಡಗಿದರು, ಇವಳೊಬ್ಬಳು ನಿಂತೇ ಇದ್ದಳು. ಒಂದು ಸಂಜೆ ಬಾಯಿ ತೆರೆದಳು, ಏನೋ ಅಂದಳು, ಮೈದಾನದಾಚೆ ಸೌಟು ಎದ್ದಿತು! ಮೇಡಂ ಅವರಿಗೇ ಅಚ್ಚರಿ. ತಮಗೆ ಇಲ್ಲಿ ಕೇಳಿಸದ್ದು ಅಲ್ಲಿಗೆ ಹೇಗೆ ಕೇಳಿಸಿತು? ಗಾಳಿ ಆ ಕಡೆಗಿರಬೇಕು ಎಂದುಕೊಂಡು ರಾಕೆಟ್ ಕೊಟ್ಟರು. ಹುಡುಗಿ ಅದನ್ನು ಎದೆಗವಚಿಕೊಂಡಳು, ಆದರೆ ಮುಖದಲ್ಲಿ ನಗು ಇರಲಿಲ್ಲ.

ಆಟದಲ್ಲೂ ಪಿಸುಪಿಸು ಬಾಯಿ ಬಿಡುತ್ತಿರಲಿಲ್ಲ. ಹೊರಗೆ ಬೀಳುವ ಚೆಂಡನ್ನೂ ಬಿಡದೆ ಓಡಿಹೋಗಿ ಹೊಡೆಯುತ್ತಿದ್ದಳು. ಔಟ್ ಎಂದು ಹೇಳುವುದಕ್ಕಿಂತ ಓಡುವುದೇ ಅವಳಿಗೆ ಸಲೀಸು. ಹೀಗೆ ಓಡಿ ಓಡಿ ಅವಳ ಕಾಲು ಎಂಥದ್ದಾಯಿತೆಂದರೆ ಮೂರನೆಯ ವರ್ಷಕ್ಕೆ ಸುತ್ತಮುತ್ತಲಿನ ಯಾವ ಕಾಲೇಜಿನವಳೂ ಅವಳನ್ನು ದಾಟಿ ಚೆಂಡು ಕಳಿಸಲಾರದೆ ಹೋದಳು. ಮೇಡಂ ನೋಡಿ ನೋಡಿ ಹಿಗ್ಗುತ್ತಿದ್ದರು, ಒಳಗೊಳಗೇ ಹೆದರುತ್ತಲೂ ಇದ್ದರು. ದನಿಯಿಲ್ಲದವಳು ಫೈನಲ್ಲಿನಲ್ಲಿ ಏನಾಗುತ್ತಾಳೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದೇ ಮೇಡಂ ಅವರ ಕೊನೆಯ ವರ್ಷ. ಸರದಿಯ ಪ್ರಕಾರ ಪಂದ್ಯಾವಳಿ ನಡೆಯಬೇಕಾದದ್ದೂ ಅವರದೇ ಕಾಲೇಜಿನಲ್ಲಿ. ಹುಡುಗಿಯರು ಸೆಮಿಫೈನಲ್ ಗೆದ್ದ ಸಂಜೆ ಮೇಡಂ ಖುಷಿಯಲ್ಲಿ ಎಲ್ಲರಿಗೂ ಟೀ ಹೇಳಲು ಕ್ಯಾಂಟೀನಿಗೆ ಹೋದರು. ಕ್ಯಾಂಟೀನಣ್ಣ ಒಲೆಯ ಕಡೆ ಮುಖಮಾಡಿ ನಿಂತಿದ್ದರು. "ಅಣ್ಣಾ, ಟೀ" ಎಂದರು ಮೇಡಂ. ಆತ ತಿರುಗಲಿಲ್ಲ. ಇನ್ನೊಮ್ಮೆ, ಊರಿಗೆಲ್ಲ ಹೆಸರಾದ ದನಿಯಲ್ಲಿ ಕೂಗಿದರು. ಪಕ್ಕದ ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು, ಆತ ಮಾತ್ರ ಹಾಲು ಉಕ್ಕುವುದನ್ನೇ ನೋಡುತ್ತಿದ್ದರು. ಮೇಡಂ ಅವರಿಗೆ ಅರ್ಥವಾಯಿತು. ಒಳಗೆ ಹೋಗಿ ಭುಜ ಮುಟ್ಟಿದರು.

"ಯಾವಾಗಿಂದ ಅಣ್ಣಾ?"

ಆತ ಮೇಡಂ ಅವರ ತುಟಿ ನೋಡಿ ಮಾತು ಹಿಡಿದರು. ಮೀಸೆ ಪೂರಾ ಬೆಳ್ಳಗಾಗಿತ್ತು. "ಬಹಳ ವರ್ಷ ಆಯ್ತು ಮೇಡಂ. ಹತ್ರ ಬಂದು ಜೋರಾಗಿ ಹೇಳಿದ್ರೆ ಒಂಚೂರು ಕೇಳತ್ತೆ. ಯಾರಿಗೂ ಹೇಳ್ಬೇಡಿ, ಕ್ಯಾಂಟೀನು ಬೇರೆಯವರಿಗೆ ಕೊಟ್ಬಿಡ್ತಾರೆ."

"ಮತ್ತೆ ಸೌಟು? ಹುಡುಗೀರು ಕೂಗಿದಾಗೆಲ್ಲ ಎತ್ತುತ್ತಿದ್ರಲ್ಲ!"

"ಟೀ ಕುಡಿಯೋರ ತಲೆ ನೋಡ್ತಿದ್ದೆ ಮೇಡಂ. ತಲೆಗಳು ಆ ಕಡೆ ತಿರುಗಿದ್ರೆ ದನಿ ಬಂತು ಅಂತ ಅರ್ಥ. ಒಂದು ದಿನಾನೂ ಲೆಕ್ಕ ತಪ್ಪಿಲ್ಲ." ಸೌಟನ್ನು ಬಟ್ಟೆಯಿಂದ ಒರೆಸಿದರು. "ಒಂದೇ ಒಂದು ದಿನ ತಪ್ಪಿದೆ. ಆ ಮೆತ್ತನೆ ಹುಡುಗಿಗೆ. ಯಾರ ತಲೇನೂ ತಿರುಗಲಿಲ್ಲ. ಆದ್ರೆ ಅವಳು ನಿಂತ ನಿಲುವು ನೋಡೋಕಾಗಲಿಲ್ಲ ಮೇಡಂ. ಎತ್ತಿಬಿಟ್ಟೆ."

ಮೇಡಂ ಅವರಿಗೆ ಬೈಯಬೇಕೆನಿಸಿತು, ಆದರೆ ಬೈಯದೆ ಹೊರಟುಬಂದರು. ತಮ್ಮ ಕೈಯಲ್ಲಿ ಬೆಳೆದವರೊಳಗೆಲ್ಲ ಗಟ್ಟಿ ಆಟಗಾರ್ತಿ, ಮೊದಲ ಪಾಠವನ್ನೇ ಪಾಸಾಗದೆ ಫೈನಲ್ಲಿಗೆ ಬಂದು ನಿಂತಿದ್ದಾಳೆ. ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡರು. "ನಾಳೆ ಬೆಳಗ್ಗೆ ಅವಳನ್ನ ಮತ್ತೆ ಗೆರೆ ಹತ್ರ ನಿಲ್ಲಿಸ್ಲಾ?" ಟೈಲರ್ ಫೈನಲ್ಲಿಗೆಂದು ಸ್ಕರ್ಟಿನ ಅಂಚು ಹೊಲಿಯುತ್ತಿದ್ದರು. "ಹೊಲಿದು ಮುಗಿಸಿದ ಬಟ್ಟೇನ ಹಾಕ್ಕೊಂಡು ಹೊರಟೋಳ ಮೈಮೇಲೇ ಬಿಚ್ತೀಯಾ? ಸುಮ್ನಿರು" ಎಂದರು. ಬೆಳಗ್ಗೆ ಮೇಡಂ ಅವಳನ್ನು ಗೆರೆಯ ಹತ್ತಿರ ನಿಲ್ಲಿಸಲಿಲ್ಲ.

ಫೈನಲ್ ನಡೆದದ್ದು ಬೆಳಗಿನ ಹೊತ್ತು. ಮೂರು ಆಟ, ಎರಡು ಗೆದ್ದವರಿಗೆ ಕಪ್ಪು. ಮೊದಲನೆಯದು ಇವರಿಗೆ ಬಂತು, ಎರಡನೆಯದು ಅವರಿಗೆ ಹೋಯಿತು. ಮೂರನೆಯದಕ್ಕೆ ಪಿಸುಪಿಸು ಇಳಿದಳು. ಶಾಮಿಯಾನದ ಕೆಳಗೆ ಮೇಜಿನ ಮೇಲೆ ಕಪ್ಪು ಓರೆಬಿಸಿಲಿಗೆ ಹೊಳೆಯುತ್ತಿತ್ತು. ಮೇಡಂ ಅದರ ಕಡೆ ನೋಡಬಾರದು ಅಂದುಕೊಂಡಷ್ಟೂ ನೋಡುತ್ತಿದ್ದರು. ಕೋಚ್ ಬೆಂಚಿನ ಮೇಲೆ ಕೂತಮೇಲೆ ತುಟಿ ಬಿಚ್ಚುವ ಹಾಗಿಲ್ಲ, ಅದು ನಿಯಮ. ಆ ದನಿಯ ಹೆಂಗಸಿಗೆ ಅದೆಂಥ ಶಿಕ್ಷೆ ಅಂತ ಬೇರೆ ಹೇಳಬೇಕಾಗಿಲ್ಲ. ಆಚೆ ಕ್ಯಾಂಟೀನಿನ ಮುಂದೆ ಪಿಸುಪಿಸುವಿನ ಅಪ್ಪ ನಿಂತಿದ್ದರು. ರಾತ್ರಿಪಾಳಿ ಮುಗಿಸಿ ನೇರ ಬಂದವರು, ನಿದ್ದೆ ತಡೆಯಲು ಟೀ ಮೇಲೆ ಟೀ ಕುಡಿಯುತ್ತಿದ್ದರು.

ಆಟ ಹಗ್ಗಜಗ್ಗಾಟವಾಯಿತು. ಒಂದು ಸೆಟ್ಟು ಇವಳಿಗೆ, ಒಂದು ಅವಳಿಗೆ. ಕೊನೆಯ ಸೆಟ್ಟಿನಲ್ಲಿ ಬಿಸಿಲೇರಿತು. ಹೊರಗೆ ಬಿದ್ದ ಚೆಂಡಿಗೂ ಪಿಸುಪಿಸು ಓಡುತ್ತಲೇ ಇದ್ದಳು, ಬೇಲಿಯ ಪಕ್ಕದ ಜೊತೆಗಾತಿಯರು ತಲೆ ಚಚ್ಚಿಕೊಳ್ಳುತ್ತಿದ್ದರು. ಕೊನೆಗೆ ಎದುರಿನವಳಿಗೆ ಒಂದೇ ಒಂದು ಪಾಯಿಂಟು ಬೇಕಾಗಿತ್ತು, ಅದು ಬಂದರೆ ಆಟವೇ ಮುಗಿಯುತ್ತಿತ್ತು.

ಎದುರಿನವಳು ಉದ್ದಕ್ಕೆ ಹೊಡೆದಳು. ಚೆಂಡು ಪಿಸುಪಿಸುವಿನ ತಲೆಯ ಮೇಲಿಂದ ಹಾದು ಹಿಂದಿನ ಗೆರೆಯ ಹತ್ತಿರ ಬಿತ್ತು. ಅವಳು ಓಡಿದಳು, ಮುಟ್ಟಲಾಗಲಿಲ್ಲ. "ಔಟ್!" ಎಂದು ಬೇಲಿಯಿಂದ ಜೊತೆಗಾತಿಯರೆಲ್ಲ ಒಂದೇ ಕೊರಳಲ್ಲಿ ಕಿರುಚಿದರು. ಮೇಡಂ ಕೂತ ಕಡೆಯಿಂದಲೂ ಔಟ್ ಎಂದೇ ಕಂಡಿತು. ಎದುರಿನವಳು ಆ ಕೂಗು ಪಿಸುಪಿಸುವಿನದೆಂದೇ ತಿಳಿದು ಹಣೆ ಚಚ್ಚಿಕೊಂಡು ಮುಂದಿನ ಸರ್ವಿಗೆ ಹೊರಟಳು. ರೆಫರಿ ಕುರ್ಚಿಯಿಂದ ಏಳಲಿಲ್ಲ. ಸಿಮೆಂಟಿನ ನೆಲ, ಗುರುತಿಲ್ಲ. ಚೆಂಡು ಬಿದ್ದ ಜಾಗವನ್ನು ಹತ್ತಿರದಿಂದ ಕಂಡವಳು ಪಿಸುಪಿಸು ಒಬ್ಬಳೇ. ಅವಳು ಏನೂ ಮಾಡಬೇಕಾಗಿರಲಿಲ್ಲ. ಇಷ್ಟು ವರ್ಷ ಇದ್ದ ಹಾಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅವಳು ಗೆರೆಯ ಹತ್ತಿರವೇ ನಿಂತಿದ್ದಳು. ಮೊದಲ ವಾರ ನಿಲ್ಲಿಸಿದ ಹಾಗೆಯೇ. ರಾಕೆಟ್ ನೆಲಕ್ಕಿಟ್ಟಳು.

"ಒಳಗೆ!"

ಯಾರು ಕೂಗಿದರೆಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ.

"ಔಟ್ ಅಲ್ಲ! ಚೆಂಡು ಒಳಗೆ ಬಿತ್ತು! ಗೆರೆ ಮೇಲೆ!"

ಕಪ್ಪು ಹೋಯಿತು. ಮೇಡಂ ಅವರಿಗೆ ಆ ಕ್ಷಣ ಅನ್ನಿಸಿದ್ದನ್ನು ಮುಚ್ಚಿಡುವುದೇನೂ ಬೇಡ. ಓಡಿಹೋಗಿ ಆ ಹುಡುಗಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆ ಎತ್ತರದ ಖಾಲಿ ಅಂಕಣ ಕಣ್ಣ ಮುಂದೆ ಬಂತು. ಎದ್ದು ನಿಂತರು. ನಿಂತವರ ಕಣ್ಣು ತಾನಾಗಿ ಮೈದಾನದಾಚೆ ಹೋಯಿತು. ಕ್ಯಾಂಟೀನಿನ ಮುಂದೆ ಟೀ ಹಿಡಿದವರ ತಲೆಗಳೆಲ್ಲ ಈ ಕಡೆಗೆ ತಿರುಗಿದ್ದವು. ಎಲ್ಲರಿಗಿಂತ ಮುಂದೆ ಅಚ್ಚುಕೂಟದ ಅಪ್ಪ, ನಿದ್ದೆಗಣ್ಣು ಪೂರ್ತಿ ತೆರೆದು, ಈ ದನಿ ತನ್ನ ಮನೆಯದೇ ಹೌದೇ ಎಂಬಂತೆ ನೋಡುತ್ತ ನಿಂತಿದ್ದರು. ಅವರ ಹಿಂದೆ, ತಗಡಿನ ಚಾವಣಿಗೆ ತಗಲುವಷ್ಟು ಎತ್ತರಕ್ಕೆ, ಸೌಟು ಎದ್ದಿತ್ತು.

ಮೇಡಂ ಅವರ ಸಿಟ್ಟು ಎಲ್ಲಿ ಹೋಯಿತೋ ಅವರಿಗೇ ಗೊತ್ತಾಗಲಿಲ್ಲ. ಅಳು ಬಂತು, ನಗು ಬಂತು.

ಪಿಸುಪಿಸು ಎದುರಿನವಳ ಕೈಕುಲುಕಿ ಬಂದು ಮುಂದೆ ನಿಂತಳು. ಕಣ್ಣ ತುಂಬ ನೀರು. "ಸಾರಿ ಮೇಡಂ. ಸುಮ್ನಿರಬಹುದಿತ್ತು."

"ಇರಬಹುದಿತ್ತು" ಎಂದರು ಮೇಡಂ. ಅವಳ ಭುಜ ಹಿಡಿದು ಕ್ಯಾಂಟೀನಿನ ಕಡೆ ತಿರುಗಿಸಿದರು. "ಅಲ್ಲಿ ನೋಡು."

ಹುಡುಗಿ ನೋಡಿದಳು. ಸೌಟು ಇನ್ನೂ ಕೆಳಗಿಳಿದಿರಲಿಲ್ಲ. ಅದರಿಂದ ಟೀ ಸೋರಿ ಕ್ಯಾಂಟೀನಣ್ಣನ ತೋಳು ಒದ್ದೆಯಾಗುತ್ತಿತ್ತು. ತುಂಬ ಹೊತ್ತು ನೋಡಿ, ಮತ್ತೆ ತನ್ನ ಹಳೆಯ ಪಿಸುದನಿಯಲ್ಲಿ ಕೇಳಿದಳು:

"ಆವತ್ತು ಸುಳ್ಳೇ ಎತ್ತಿದ್ರು ಮೇಡಂ. ನನ್ನ ಬಾಯಿಂದ ದನೀನೇ ಬಂದಿರಲಿಲ್ಲ, ನಂಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಇವತ್ತಿಂದು ನಿಜ ಅಲ್ವಾ ಮೇಡಂ?"

"ನಿಜ!" ಎಂದರು ಮೇಡಂ.

ಎಷ್ಟು ಜೋರಾಗಿ ಎಂದರೆ, ಕ್ಯಾಂಟೀನಿನ ಮುಂದಿನ ತಲೆಗಳೆಲ್ಲ ಇನ್ನೊಮ್ಮೆ ಈ ಕಡೆ ತಿರುಗಿದವು. ಆಗಷ್ಟೇ ಕೈ ಇಳಿಸಿದ್ದ ಕ್ಯಾಂಟೀನಣ್ಣ ಆ ತಲೆಗಳನ್ನು ನೋಡಿದರು, ಯಾರು ಏನಂದರೆಂದು ತಿಳಿಯದಿದ್ದರೂ ಸೌಟನ್ನು ಮತ್ತೆ ಮೇಲೆತ್ತಿದರು.